ಪ್ರಾಜೆಕ್ಟ್ ಮಾರ್ಚಿಗೆ ಮುಗಿಯುತ್ತದೆ, ಪಿಎಚ್‌ಡಿ ಮುಗಿಯುವುದಿಲ್ಲ

ಪ್ರಶ್ನೆ: ನನ್ನ ಊರು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ತಾಗಿದ ಪೆರ್ಲದ ಹತ್ತಿರ. ವಯಸ್ಸು 29. ಮಂಗಳೂರು ವಿಶ್ವವಿದ್ಯಾನಿಲಯದಿಂದ ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಆಗಿದೆ. ಕೇರಳದ ಒಂದು ವಿಶ್ವವಿದ್ಯಾನಿಲಯದಲ್ಲಿ ಪೂರ್ಣಾವಧಿ ಪಿಎಚ್‌ಡಿಗೆ ಸೇರಿ ಎರಡು ವರ್ಷ ಎರಡು ತಿಂಗಳಾಯಿತು. ಅಡಿಕೆಯ ಎಲೆಚುಕ್ಕಿ ರೋಗದ ಮೇಲೆ ಕೆಲಸ. ಗೈಡ್ ಅವರ ಪ್ರಾಜೆಕ್ಟಿನಿಂದ ಬರುವ ಫೆಲೋಶಿಪ್‌ನಲ್ಲಿ ಖರ್ಚು ನಡೆಯುತ್ತಿದೆ. ಆ ಪ್ರಾಜೆಕ್ಟ್ ಬರುವ ಮಾರ್ಚ್ 31ಕ್ಕೆ ಮುಗಿಯುತ್ತದೆ. ಈ ವರ್ಷ ಏಪ್ರಿಲ್‌ನಿಂದ ಮೂರು ತಿಂಗಳು ದುಡ್ಡೇ ಬಂದಿರಲಿಲ್ಲ. ಕಾಲೇಜು ಅಧ್ಯಾಪಕರ ಅರ್ಹತೆಗಾಗಿ ಕರ್ನಾಟಕ ನಡೆಸುವ ಕೆ-ಸೆಟ್ ಪಾಸಾಗಿದ್ದೇನೆ, ರಾಷ್ಟ್ರ ಮಟ್ಟದ ನೆಟ್ ಎರಡು ಸಲ ಬರೆದರೂ ಆಗಲಿಲ್ಲ. ಗೈಡ್ ಹೇಳುವುದು ‘ಪೇಪರ್ ಬರೆ, ಉಳಿದದ್ದು ತಾನಾಗಿ ಆಗುತ್ತದೆ’ ಅಂತ. ಅಮ್ಮ ಹೇಳುವುದು ‘ಬಿಎಡ್ ಮಾಡಿ ಪಿಎಸ್‌ಸಿ (ಕೇರಳ ಲೋಕಸೇವಾ ಆಯೋಗದ ಪರೀಕ್ಷೆ) ಬರೆ’ ಅಂತ. ಕಾಸರಗೋಡಿನ ಯಾವುದಾದರೂ ಸರಕಾರಿ ಕಾಲೇಜಿನಲ್ಲಿ ಗೆಸ್ಟ್ ಉಪನ್ಯಾಸಕಿಯಾಗಿ ಸೇರಿಕೊಂಡು, ಜೊತೆಗೇ ಬಿಎಡ್ ಕೂಡ ಮಾಡಬಹುದೇ? ಅಥವಾ ಪಿಎಚ್‌ಡಿಯನ್ನೇ ಬಿಟ್ಟುಬಿಡಲೇ?

ಉತ್ತರ: ಪಿಎಚ್‌ಡಿ ಬಿಡಬೇಕೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಬೇರೆ ಎರಡು ಸಂಗತಿಗಳು ಎಂದು ನನಗೆ ಕಾಣುತ್ತದೆ. ಒಂದು, ಏಪ್ರಿಲ್‌ನಿಂದ ಕೈಗೆ ದುಡ್ಡು ಬರುವುದಿಲ್ಲ. ಇನ್ನೊಂದು, ಇಷ್ಟು ಓದಿದ ಮೇಲೂ ಗಡಿಯ ಈಚೆ ಯಾವ ಕೆಲಸಕ್ಕೆ ಅರ್ಹತೆ ಇದೆ, ಆಚೆ ಯಾವುದಕ್ಕೆ ಇದೆ ಎಂಬುದು ಸ್ಪಷ್ಟವಿಲ್ಲ. ಎರಡನ್ನೂ ಬಿಡಿಸಿ ನೋಡಿದರೆ ಬಿಡುವ ಪ್ರಶ್ನೆ ಅಷ್ಟು ಭಾರವಾಗಿ ಉಳಿಯುವುದಿಲ್ಲ.

ಮೊದಲು ಗಡಿಯ ಲೆಕ್ಕ. ನೀವು ಪಾಸಾದ ಕೆ-ಸೆಟ್ ಕರ್ನಾಟಕದ ವಿಶ್ವವಿದ್ಯಾನಿಲಯ ಮತ್ತು ಕಾಲೇಜುಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಅರ್ಹತೆ ಕೊಡುತ್ತದೆ, ಅಲ್ಲಿಗೆ ಮಾತ್ರ. 2002ರ ಜೂನ್ 1ಕ್ಕಿಂತ ಮೊದಲು ರಾಜ್ಯಗಳ ಸ್ಲೆಟ್ (ಕೆ-ಸೆಟ್‌ನಂಥದೇ ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ) ಪಾಸಾದವರ ಅರ್ಹತೆ ದೇಶದ ಎಲ್ಲ ಕಡೆ ನಡೆಯುತ್ತದೆ. ಆಮೇಲಿನದು ಪರೀಕ್ಷೆ ನಡೆಸಿದ ರಾಜ್ಯದೊಳಗೆ ಮಾತ್ರ. ಹಾಗಾಗಿ ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಾಗಲಿ ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಾಗಲಿ ಆ ಪ್ರಮಾಣಪತ್ರ ಲೆಕ್ಕಕ್ಕೆ ಬರುವುದಿಲ್ಲ. ಪೆರ್ಲದಿಂದ ಪುತ್ತೂರು ಕೂಗಳತೆಯಲ್ಲಿದ್ದರೂ ಈ ನಿಯಮ ಅದನ್ನು ನೋಡುವುದಿಲ್ಲ.

ಇದಕ್ಕಿಂತ ಹೆಚ್ಚು ಜನ ಎಡವುವ ಜಾಗ ಇನ್ನೊಂದಿದೆ. ಕೇರಳದಲ್ಲಿಯೂ ‘ಸೆಟ್’ ಎಂಬ ಪರೀಕ್ಷೆ ಇದೆ. ಕೇರಳ ಸರಕಾರದ ಎಲ್‌ಬಿಎಸ್ ಸೆಂಟರ್ ನಡೆಸುವ ಆ ಪರೀಕ್ಷೆ ಕಾಲೇಜಿಗಲ್ಲ, ಹೈಯರ್ ಸೆಕೆಂಡರಿ ಅಧ್ಯಾಪಕರಿಗೆ, ಅಂದರೆ ನಮ್ಮ ಪ್ಲಸ್ ವನ್, ಪ್ಲಸ್ ಟು ತರಗತಿಗಳಿಗೆ. ಅದನ್ನು ಬರೆಯಲು ಸಸ್ಯಶಾಸ್ತ್ರದಂಥ ವಿಷಯದಲ್ಲಿ ಸ್ನಾತಕೋತ್ತರ ಪದವಿಯಲ್ಲಿ ಶೇ. 50 ಅಂಕದ ಜೊತೆ ಬಿಎಡ್ ಕೂಡ ಬೇಕು. ಎರಡೂ ರಾಜ್ಯದ ಸೆಟ್ ಒಂದೇ ಎಂದುಕೊಂಡು ಕರ್ನಾಟಕದ್ದನ್ನು ಇಟ್ಟುಕೊಂಡು ಇಲ್ಲಿ ಅರ್ಜಿ ಹಾಕುವವರು, ಇಲ್ಲಿಯದನ್ನು ಇಟ್ಟುಕೊಂಡು ಮಂಗಳೂರಿನ ಕಾಲೇಜಿಗೆ ಹೋಗುವವರು ಇಬ್ಬರೂ ಇದ್ದಾರೆ. ಎರಡೂ ಕಡೆ, ದೇಶದ ಉಳಿದ ಕಡೆಯೂ, ಕಾಲೇಜು ಮಟ್ಟದಲ್ಲಿ ನಡೆಯುವುದು ನೆಟ್ ಒಂದೇ. ನಿಮ್ಮ ವಿಷಯಕ್ಕೆ ಅದು ವಿಜ್ಞಾನ ವಿಷಯಗಳ ನೆಟ್ ಆದ ಸಿಎಸ್‌ಐಆರ್-ನೆಟ್‌ನ ಜೀವವಿಜ್ಞಾನ.

‘ಪಿಎಚ್‌ಡಿ ಆದರೆ ನೆಟ್ ಬೇಡ’ ಎಂಬ ಮಾತನ್ನು ಅರ್ಧ ನಿಜ ಎಂದು ತೆಗೆದುಕೊಳ್ಳಿ. 2018ರ ಯುಜಿಸಿ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) ನಿಯಮಾವಳಿ ಕ್ರಮಬದ್ಧವಾಗಿ ಪಡೆದ ಪಿಎಚ್‌ಡಿಗೆ ನೆಟ್‌ನಿಂದ ವಿನಾಯಿತಿ ಕೊಟ್ಟಿತ್ತು. 2023ರ ಜುಲೈ 1ರಿಂದ ಬಂದ ತಿದ್ದುಪಡಿಯಲ್ಲಿ ನೆಟ್, ಸೆಟ್ ಅಥವಾ ಸ್ಲೆಟ್ ನೇರ ನೇಮಕಾತಿಯ ಕನಿಷ್ಠ ಅರ್ಹತೆ, ಪಿಎಚ್‌ಡಿ ಐಚ್ಛಿಕ ಎಂದಾಯಿತು. ಒಂದೊಂದು ಸಂಸ್ಥೆಯ ಅಧಿಸೂಚನೆ ಇದನ್ನು ಒಂದೊಂದು ರೀತಿ ಬರೆಯುತ್ತದೆ. ವಿನಾಯಿತಿಯ ಸಾಲನ್ನು ನಂಬಿ ಐದು ವರ್ಷ ನೆಟ್ ಬರೆಯದೆ ಕೂರುವುದು ಅಪಾಯ.

ಗೈಡ್ ಹೇಳಿದ ಮಾತಿಗೂ ಒಂದು ಅಳತೆ ಇದೆ. 2018ರ ನಿಯಮಾವಳಿಯಲ್ಲಿ ವಿಶ್ವವಿದ್ಯಾನಿಲಯಗಳು ಸಂದರ್ಶನಕ್ಕೆ ಕರೆಯುವವರನ್ನು ಸೋಸಲು 100 ಅಂಕಗಳ ಪಟ್ಟಿ ಇದೆ. ಅದರಲ್ಲಿ ಪಿಎಚ್‌ಡಿಗೆ 30, ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಹಿತ ನೆಟ್‌ಗೆ 7, ಬರೀ ನೆಟ್‌ಗೆ 5. ಸಂಶೋಧನಾ ಲೇಖನಕ್ಕೆ ಒಂದಕ್ಕೆ 2ರಂತೆ ಹೆಚ್ಚೆಂದರೆ 10 ಅಂಕ, ಬೋಧನೆಯ ಅನುಭವಕ್ಕೂ ವರ್ಷಕ್ಕೆ 2ರಂತೆ ಹೆಚ್ಚೆಂದರೆ 10. ಅಂದರೆ ಐದು ಲೇಖನದ ಮೇಲೆ ಈ ಪಟ್ಟಿಯಲ್ಲಿ ಏನೂ ಸೇರುವುದಿಲ್ಲ. ಪಟ್ಟಿ ಸಂದರ್ಶನದ ಬಾಗಿಲವರೆಗೆ ಮಾತ್ರ, ಆಯ್ಕೆ ನಡೆಯುವುದು ಸಂದರ್ಶನದಲ್ಲಿ. ಇನ್ನು ಕೇರಳದ ಸರಕಾರಿ ಕಾಲೇಜುಗಳಿಗೆ ಪಿಎಸ್‌ಸಿ ತನ್ನದೇ ಪರೀಕ್ಷೆ ನಡೆಸುತ್ತದೆ. ಪೇಪರ್ ಬೇಡವೆಂದಲ್ಲ. ನಿಮ್ಮ ಹಂತದಲ್ಲಿ ಒಳ್ಳೆಯ ಪತ್ರಿಕೆಯಲ್ಲಿ ಎರಡು ಸಾಕು. ದುಡ್ಡು ಕಟ್ಟಿದರೆ ಹದಿನೈದು ದಿನದಲ್ಲಿ ಅಚ್ಚು ಹಾಕುವ ಪತ್ರಿಕೆಗಳ ಕಡೆ ತಲೆ ಹಾಕಬೇಡಿ. ಸಂದರ್ಶನದಲ್ಲಿ ಕೂತವರಿಗೆ ಆ ಹೆಸರುಗಳೆಲ್ಲ ಪರಿಚಯ. ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಲೇಬೇಕು ಎಂಬ ಷರತ್ತನ್ನು ಯುಜಿಸಿ 2022ರಲ್ಲಿ ತೆಗೆದಿದೆ. ನಿಮ್ಮ ವಿಶ್ವವಿದ್ಯಾನಿಲಯ ತನ್ನ ಕಡೆಯಿಂದ ಅದನ್ನು ಉಳಿಸಿಕೊಂಡಿದೆಯೇ ಎಂದು ಸಂಶೋಧನಾ ವಿಭಾಗದಲ್ಲಿ ಕೇಳಿ.

ಈಗ ದುಡ್ಡು. ಏಪ್ರಿಲ್‌ನಿಂದ ಮೂರು ತಿಂಗಳು ಫೆಲೋಶಿಪ್ ನಿಂತದ್ದು ನಿಮ್ಮೊಬ್ಬರ ಗ್ರಹಚಾರವಲ್ಲ. ಪ್ರಾಜೆಕ್ಟಿನ ಹಣ ವರ್ಷ ವರ್ಷ ಕಂತಿನಲ್ಲಿ ಬರುತ್ತದೆ. ಹೋದ ಕಂತಿನ ಖರ್ಚಿನ ಲೆಕ್ಕವೂ ಬಳಕೆ ಪ್ರಮಾಣಪತ್ರವೂ, ಆಫೀಸಿನ ಭಾಷೆಯಲ್ಲಿ ‘ಯುಸಿ’, ಹೋಗಿ ಮುಟ್ಟದೆ ಮುಂದಿನ ಕಂತು ಹೊರಡುವುದಿಲ್ಲ. ಯುಸಿಗೆ ಫೈನಾನ್ಸ್ ವಿಭಾಗದ ಸಹಿ ಬೇಕು. ಮಾರ್ಚ್ ಕೊನೆಗೆ ಅವರ ಮೇಜಿನ ಮೇಲೆ ಇಡೀ ವಿಶ್ವವಿದ್ಯಾನಿಲಯದ ಫೈಲುಗಳಿರುತ್ತವೆ. ಹೀಗೆ ಲೆಕ್ಕ ಮೇ ತಿಂಗಳಲ್ಲಿ ಹೋಗಿ, ದುಡ್ಡು ಜುಲೈಯಲ್ಲಿ ಬರುತ್ತದೆ. ಫೆಬ್ರವರಿಯಲ್ಲೇ ಬಿಲ್ಲುಗಳನ್ನೆಲ್ಲ ಕೂಡಿಸಿ ಯುಸಿಯ ಕರಡನ್ನು ಗೈಡ್ ಅವರ ಮುಂದಿಟ್ಟರೆ ಎಷ್ಟೋ ಕಡೆ ಈ ಅಂತರ ಒಂದು ತಿಂಗಳಿಗೆ ಇಳಿಯುತ್ತದೆ. ಅದು ವಿದ್ಯಾರ್ಥಿ ಮಾಡಬೇಕಾದ ಕೆಲಸವಲ್ಲ, ಒಪ್ಪುತ್ತೇನೆ. ಆದರೆ ಹಸಿಯುವ ಹೊಟ್ಟೆ ವಿದ್ಯಾರ್ಥಿಯದು.

ಬರುವ ಮಾರ್ಚಿನ ಮಟ್ಟಿಗೆ ವಿಷಯ ಬೇರೆ. ಅಲ್ಲಿ ಮುಂದಿನ ಕಂತೇ ಇಲ್ಲ. ‘ಎಕ್ಸ್‌ಟೆನ್ಷನ್ ಸಿಗುತ್ತದೆ’ ಎಂದು ಯಾರಾದರೂ ಹೇಳಿದರೆ ಎಂಥದ್ದು ಎಂದು ಕೇಳಿ. ಸಾಮಾನ್ಯವಾಗಿ ಸಿಗುವುದು ನೋ-ಕಾಸ್ಟ್ ಎಕ್ಸ್‌ಟೆನ್ಷನ್. ಕಾಲಾವಕಾಶ ಕೊಡುತ್ತಾರೆ, ಹೊಸ ಹಣ ಕೊಡುವುದಿಲ್ಲ. ಸಿಬ್ಬಂದಿ ವೇತನದ ಬಾಬ್ತಿನಲ್ಲಿ ಉಳಿಕೆ ಇದ್ದರೆ ಮಾತ್ರ ನಿಮಗೆ ಕೆಲವು ತಿಂಗಳು ಸಿಕ್ಕೀತು. ಮಧ್ಯೆ ಕೆಲವು ತಿಂಗಳು ಹುದ್ದೆ ಖಾಲಿ ಇದ್ದ ಪ್ರಾಜೆಕ್ಟುಗಳಲ್ಲಿ ಅಂಥ ಉಳಿಕೆ ಇರುತ್ತದೆ. ಅರ್ಜಿ ಹೋಗಬೇಕಾದ್ದು ಅವಧಿ ಮುಗಿಯುವ ಮೊದಲು, ಗೈಡ್ ಮೂಲಕ. ಡಿಸೆಂಬರಿಗಿಂತ ತಡ ಮಾಡಬೇಡಿ.

ಇನ್ನು ಮುಖ್ಯವಾದ ಲೆಕ್ಕ. ಎರಡು ಮಳೆಗಾಲದ ಮಾಹಿತಿ ನಿಮ್ಮ ಕೈಯಲ್ಲಿರಬೇಕು. ಗೈಡ್ ಮೂರನೆಯದೂ ಬೇಕು ಎಂದರೆ, ಮುಂದಿನ ಜೂನ್‌ನಿಂದ ಅಕ್ಟೋಬರ್‌ವರೆಗೆ ತೋಟ ಸುತ್ತಬೇಕು, ಡಿಸೆಂಬರಿಗೆ ವಿಶ್ಲೇಷಣೆ, ಆಮೇಲೆ ಬರವಣಿಗೆ, ಪ್ರೀ-ಸಬ್ಮಿಷನ್, ಅದರ ಮುಂದಿನ ಜೂನ್ ಹೊತ್ತಿಗೆ ಸಲ್ಲಿಕೆ. ಏಪ್ರಿಲ್‌ನಿಂದ ಎಣಿಸಿದರೆ ಸಂಬಳವಿಲ್ಲದ ಸುಮಾರು 15 ತಿಂಗಳು. ಮೌಲ್ಯಮಾಪನ, ವೈವಾ ಎಲ್ಲ ಆರು ತಿಂಗಳೊಳಗೆ ಮುಗಿಯಬೇಕೆಂದು ನಿಯಮ ಹೇಳುತ್ತದೆ. ಅದನ್ನೂ ಸೇರಿಸಿದರೆ 21. ಮೂರನೆಯ ಮಳೆಗಾಲ ಬೇಡವೆಂದಾದರೆ ಇದೇ ಲೆಕ್ಕದಲ್ಲಿ ಸುಮಾರು ಒಂದು ವರ್ಷ ಕಡಿಮೆಯಾಗುತ್ತದೆ. ಕ್ಷೇತ್ರದ ಕೆಲಸದಲ್ಲಿ ಎರಡು ಹಂಗಾಮಿನ ಮಾಹಿತಿಯನ್ನು ಪರೀಕ್ಷಕರು ಸಾಮಾನ್ಯವಾಗಿ ಒಪ್ಪುತ್ತಾರೆ. ಮೂರನೆಯದು ಪ್ರಬಂಧಕ್ಕೆ ಬೇಕೋ, ಗೈಡ್ ಅವರ ಮುಂದಿನ ಪೇಪರಿಗೆ ಬೇಕೋ ಎಂಬುದನ್ನು ಸಂಶೋಧನಾ ಸಲಹಾ ಸಮಿತಿಯ ಮುಂದೆ ಇಡಿ. 2022ರ ನಿಯಮದಂತೆ ಪ್ರತಿ ಸೆಮಿಸ್ಟರಿಗೊಮ್ಮೆ ನೀವು ಆ ಸಮಿತಿಯ ಎದುರು ಕೆಲಸದ ಪ್ರಗತಿ ಮಂಡಿಸಬೇಕು. ಹೆಚ್ಚಿನವರು ಅದನ್ನು ಹೆದರಿಕೆಯ ಪರೀಕ್ಷೆ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಗೈಡ್ ಒಬ್ಬರ ಬಾಯಿಮಾತನ್ನು ಕಾಗದಕ್ಕೆ ತರುವ ಜಾಗ ಅದು. ‘ಉಳಿದ ಕೆಲಸ ಇಷ್ಟು, ಸಲ್ಲಿಕೆ ಈ ತಿಂಗಳು’ ಎಂಬುದು ಸಭೆಯ ನಡಾವಳಿಯಲ್ಲಿ ಬರಲಿ. ಆ ಸಭೆಗೆ ಹೋಗುವ ಮುಂಚೆ ಗೈಡ್ ಅವರಿಗೆ ವಿಷಯ ತಿಳಿಸಿ. ಎಲ್ಲರ ಮುಂದೆ ಮೊದಲ ಸಲ ಕೇಳಿದರೆ ಯಾರಿಗೂ ಹಿತವಾಗುವುದಿಲ್ಲ.

ಗೈಡ್ ನಿವೃತ್ತರಾಗುವುದು ಯಾವಾಗ ಎಂಬುದನ್ನೂ ತಿಳಿದುಕೊಂಡಿರಿ. ನಿವೃತ್ತಿಯ ನಂತರ ಅವರು ಸಹ-ಮಾರ್ಗದರ್ಶಕರಾಗಿ ಮಾತ್ರ ಇರಬಹುದು, ಅದೂ 70 ವಯಸ್ಸಿನವರೆಗೆ.

ಮಾರ್ಚಿನೊಳಗೆ ಮುಗಿಸಬೇಕಾದ್ದು ದುಡ್ಡು ಬೇಡುವ ಕೆಲಸ. ಬರೆಯುವುದು ಆಮೇಲೆ ಮನೆಯಲ್ಲಿ ಕೂತೂ ಆಗುತ್ತದೆ. ನಿಮ್ಮ ವಿಷಯದಲ್ಲಿ ದೊಡ್ಡ ಖರ್ಚು ಸೀಕ್ವೆನ್ಸಿಂಗ್, ಅಂದರೆ ಶಿಲೀಂಧ್ರದ ಡಿಎನ್‌ಎ ಓದಿಸುವುದು. ಎಲೆಚುಕ್ಕಿಯಲ್ಲಿ ಸಿಗುವ ಕೊಲೆಟೋಟ್ರೈಕಮ್ ಶಿಲೀಂಧ್ರದ ಪ್ರಭೇದವನ್ನು ಐಟಿಎಸ್ ಎಂಬ ಡಿಎನ್‌ಎ ಭಾಗ ಒಂದರಿಂದಲೇ ಖಚಿತವಾಗಿ ಹೇಳಲು ಆಗುವುದಿಲ್ಲ. ಆಕ್ಟಿನ್, ಟ್ಯೂಬುಲಿನ್, ಜಿಎಪಿಡಿಎಚ್‌ನಂಥ ಇನ್ನೂ ಕೆಲವು ಜೀನ್ ಬೇಕು. ವಿದೇಶದ ಪತ್ರಿಕೆಯ ವಿಮರ್ಶಕರು ಮೊದಲು ಹಿಡಿಯುವುದು ಇದನ್ನೇ. ಮೇ ತಿಂಗಳಲ್ಲಿ ಆ ಪತ್ರ ಬಂದರೆ ಕೈಯಿಂದ ದುಡ್ಡು ಹಾಕಬೇಕಾಗುತ್ತದೆ. ಈಗಲೇ ಮುಖ್ಯ ಐಸೊಲೇಟ್‌ಗಳದ್ದೆಲ್ಲ (ಎಲೆಯಿಂದ ಬೇರ್ಪಡಿಸಿ ಬೆಳೆಸಿದ ಶಿಲೀಂಧ್ರಗಳದ್ದು) ಮಾಡಿಸಿ. ಆರೋಗ್ಯವಂತ ಸಸಿಗಳ ಮೇಲೆ ರೋಗ ಬರಿಸಿ ನೋಡುವ ಪ್ರಯೋಗವನ್ನೂ ಮುಗಿಸಿ. ಕಲ್ಚರ್‌ಗಳ ಒಂದು ಪ್ರತಿಯನ್ನು ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯ ಶಿಲೀಂಧ್ರ ಸಂಗ್ರಹದಂಥ ಕಡೆ ಠೇವಣಿ ಇಟ್ಟು ಸಂಖ್ಯೆ ಪಡೆಯಿರಿ. ಪ್ರಾಜೆಕ್ಟ್ ಮುಗಿದ ಮೇಲೆ ಲ್ಯಾಬಿನ ಫ್ರಿಜ್ಜಿನಲ್ಲಿ ಯಾರ ಟ್ಯೂಬು ಮೊದಲು ಹೊರಗೆ ಹೋಗುತ್ತದೆ ಎಂದು ಹೇಳಲಾಗದು. ಏಪ್ರಿಲ್ ನಂತರವೂ ಲ್ಯಾಬ್ ಬಳಸಲು ಅನುಮತಿ ಪತ್ರ, ಲ್ಯಾಬ್ ನೋಟ್‌ಬುಕ್‌ನ ಪೂರ್ತಿ ಫೋಟೋ ಪ್ರತಿ, ಮೊದಲ ಲೇಖನದಲ್ಲಿ ಯಾರ ಹೆಸರು ಎಷ್ಟನೆಯದು ಎಂಬ ಒಂದು ಇಮೇಲ್, ಇವೂ ಮಾರ್ಚಿನೊಳಗಿನ ಕೆಲಸಗಳೇ.

ಹದಿನೈದು ತಿಂಗಳನ್ನು ತುಂಬುವ ದಾರಿಗಳಲ್ಲಿ ಮೊದಲನೆಯದು ಸಿಎಸ್‌ಐಆರ್-ನೆಟ್. ಜೆಆರ್‌ಎಫ್‌ಗೆ ವಯೋಮಿತಿ 30, ಮಹಿಳೆಯರಿಗೆ 5 ವರ್ಷ ಸಡಿಲಿಕೆ ಇದೆ. ಹಾಗಾಗಿ ನಿಮಗೆ ಬಾಗಿಲು ಮುಚ್ಚಿಲ್ಲ. ಬರೀ ಅಧ್ಯಾಪನ ಅರ್ಹತೆಗೆ ವಯೋಮಿತಿಯೇ ಇಲ್ಲ. ಜೆಆರ್‌ಎಫ್ ಸಿಕ್ಕಿದರೆ 2023ರ ಜನವರಿಯಿಂದ ಜಾರಿಗೆ ಬಂದ ದರದಲ್ಲಿ ತಿಂಗಳಿಗೆ 37,000 ರೂಪಾಯಿ, ಹಿರಿಯ ಫೆಲೋ ಆದ ಮೇಲೆ 42,000, ಮನೆಬಾಡಿಗೆ ಬೇರೆ. ಎರಡು ಸಲ ಆಗಲಿಲ್ಲ ಎಂದಿರಿ. ಜೀವವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ ಸಸ್ಯಶಾಸ್ತ್ರದವರು ಸೋಲುವುದು ಹೆಚ್ಚಾಗಿ ಒಂದೇ ಕಾರಣಕ್ಕೆ, 13 ಘಟಕಗಳನ್ನೂ ಓದಲು ಹೋಗುವುದು. 200 ಅಂಕದಲ್ಲಿ 100 ಅಂಕ ಇರುವುದು ‘ಸಿ’ ಭಾಗದಲ್ಲಿ. ಅಲ್ಲಿ 75 ಪ್ರಶ್ನೆ ಕೊಟ್ಟು 25ಕ್ಕೆ ಉತ್ತರಿಸಲು ಹೇಳುತ್ತಾರೆ, ಒಂದಕ್ಕೆ 4 ಅಂಕ. ಅಂದರೆ ಮೂರರಲ್ಲಿ ಎರಡು ಪ್ರಶ್ನೆ ಬಿಡಲೆಂದೇ ಇರುವುದು. ಸಸ್ಯ ಶರೀರಕ್ರಿಯೆ, ಜೀವಿವೈವಿಧ್ಯ, ಪರಿಸರ, ವಿಕಾಸ, ಅನ್ವಯಿಕ ಜೀವವಿಜ್ಞಾನ, ವಿಧಾನಗಳು, ಇವುಗಳ ಜೊತೆ ಆನುವಂಶಿಕತೆ ಗಟ್ಟಿಯಾದರೆ ಸಾಕಷ್ಟು ಪ್ರಶ್ನೆ ನಿಮ್ಮ ಅಂಗಳದಲ್ಲೇ ಸಿಗುತ್ತವೆ. ‘ಎ’ ಭಾಗದ 30 ಅಂಕ ಲೆಕ್ಕ ಮತ್ತು ತರ್ಕ. ದಿನಕ್ಕೆ ಅರ್ಧ ಗಂಟೆಯಂತೆ ಮೂರು ತಿಂಗಳು ಮಾಡಿದರೆ ಅಲ್ಲಿ ಸಿಗುವ ಲಾಭ ಬೇರೆಲ್ಲೂ ಇಲ್ಲ. ತಪ್ಪಿಗೆ ಕಾಲು ಭಾಗ ಅಂಕ ಕಡಿತ ಇದೆ, ಅಂದಾಜಿಗೆ ಗುರುತು ಹಾಕಬೇಡಿ. ಬರುವ ಎರಡು ಅವಧಿಯ ಪರೀಕ್ಷೆಯನ್ನು ತಪ್ಪಿಸಬೇಡಿ, ತೋಟದ ಕೆಲಸದ ದಿನಗಳನ್ನು ಅದಕ್ಕೆ ಹೊಂದಿಸಿಕೊಳ್ಳಿ.

ನೆಟ್ ಇಲ್ಲದೆಯೂ ಕೆಲವು ಬಾಗಿಲುಗಳಿವೆ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಪಿಎಚ್‌ಡಿ 27ರಿಂದ 45 ವಯಸ್ಸಿನ ಮಹಿಳೆಯರಿಗಾಗಿಯೇ ಇರುವುದು. ಕೇರಳದ ವಿಜ್ಞಾನ, ತಂತ್ರಜ್ಞಾನ ಮತ್ತು ಪರಿಸರ ಮಂಡಳಿಯ ಸಂಶೋಧನಾ ಫೆಲೋಶಿಪ್ ಇದೆ. ಪರಿಶಿಷ್ಟ ಪಂಗಡದವರಿಗೆ ರಾಷ್ಟ್ರೀಯ ಫೆಲೋಶಿಪ್ ಇದೆ. ಇವುಗಳ ಅರ್ಜಿಯಿಂದ ಹಣ ಬರುವವರೆಗೆ ಬಹಳ ಸಮಯ ಹಿಡಿಯುತ್ತದೆ, ಮಾರ್ಚ್‌ನಲ್ಲಿ ಅರ್ಜಿ ಹಾಕಿ ಏಪ್ರಿಲ್‌ನಲ್ಲಿ ಸಂಬಳ ಎಂದು ಲೆಕ್ಕ ಹಾಕಬೇಡಿ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), ಅದರ ವಿಟ್ಲದ ಕೇಂದ್ರ, ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ, ಕೋಝಿಕ್ಕೋಡಿನ ಸಾಂಬಾರ ಬೆಳೆ ಸಂಸ್ಥೆ, ಇಲ್ಲೆಲ್ಲ ಪ್ರಾಜೆಕ್ಟ್ ಹುದ್ದೆಗಳಿಗೆ ನೇರ ಸಂದರ್ಶನ ಆಗಾಗ ನಡೆಯುತ್ತದೆ. ಅಡಿಕೆ ರೋಗದ ಮೇಲೆ ಕೆಲಸ ಮಾಡಿ, ಕನ್ನಡ, ತುಳು, ಮಲಯಾಳ ಮೂರರಲ್ಲೂ ಕೃಷಿಕರ ಹತ್ತಿರ ಮಾತಾಡಬಲ್ಲವರು ಅಲ್ಲಿ ಬೇಕಾಗುತ್ತಾರೆ. ಆದರೆ ಆ ಹುದ್ದೆಗಳೂ ಪ್ರಾಜೆಕ್ಟಿನೊಂದಿಗೇ ಮುಗಿಯುತ್ತವೆ, ಕಾಯಂ ಮಾಡಿಕೊಳ್ಳುವ ಹಕ್ಕು ಬರುವುದಿಲ್ಲ. ಅಲ್ಲಿಗೆ ಸೇರಿದರೆ ನಿಮ್ಮ ಪಿಎಚ್‌ಡಿಯನ್ನು ಅಂಶಕಾಲಿಕಕ್ಕೆ ಬದಲಿಸಬೇಕಾಗಬಹುದು.

ಗೆಸ್ಟ್ ಕೆಲಸದ ಮಾತು. ಕಾಸರಗೋಡಿನ ಸರಕಾರಿ ಕಾಲೇಜುಗಳಿಗೆ ಗೆಸ್ಟ್ ಆಗಬೇಕಾದರೆ ಕೋಝಿಕ್ಕೋಡಿನ ಕಾಲೇಜು ಶಿಕ್ಷಣ ಉಪನಿರ್ದೇಶಕರ ಕಚೇರಿಯ ಪಟ್ಟಿಯಲ್ಲಿ ಹೆಸರು ಇರಬೇಕು. ಮೊದಲ ಆದ್ಯತೆ ನೆಟ್ ಇದ್ದವರಿಗೆ. ಅವರು ಸಿಗದಿದ್ದರೆ ಸ್ನಾತಕೋತ್ತರದಲ್ಲಿ ಶೇ. 55 ಇದ್ದವರನ್ನು ಕರೆಯುತ್ತಾರೆ. ನಿಮ್ಮ ಕೆ-ಸೆಟ್ ಅಲ್ಲಿ ಉಪಯೋಗಕ್ಕಿಲ್ಲ, ಪುತ್ತೂರು, ವಿಟ್ಲ, ಮಂಗಳೂರಿನಲ್ಲಿ ಇದೆ. ಮನೆಯಿಂದ ಓಡಾಡುವುದಾದರೆ ಗಡಿಯಾಚೆಯ ಕಾಲೇಜೇ ನಿಮಗೆ ಹತ್ತಿರ. ಆದರೆ ಪೂರ್ಣಾವಧಿ ನೋಂದಣಿ ಇಟ್ಟುಕೊಂಡು, ಯಾರಿಗೂ ಹೇಳದೆ ಗೆಸ್ಟ್ ಆಗಬೇಡಿ. ಎರಡೂ ಕಡೆಯ ಹಾಜರಿ ಪುಸ್ತಕ ಒಂದೇ ದಿನ ನಿಮ್ಮ ಸಹಿ ತೋರಿಸಿದರೆ ಅನುಭವ ಪತ್ರವೂ ಹೋಯಿತು, ಪಿಎಚ್‌ಡಿಗೂ ಸಂಚಕಾರ. ಲಿಖಿತ ಅನುಮತಿ ಪಡೆಯಿರಿ, ಇಲ್ಲವೇ ಉದ್ಯೋಗ ಕೊಡುವವರಿಂದ ನಿರಾಕ್ಷೇಪಣಾ ಪತ್ರ ತಂದು ಅಂಶಕಾಲಿಕಕ್ಕೆ ಬದಲಿಸಿ. ಈಗಲೂ ನಿಮ್ಮ ವಿಭಾಗದಲ್ಲಿ ಪದವಿ ತರಗತಿಗೆ ಪ್ರಾಕ್ಟಿಕಲ್ ಮಾಡಿಸುತ್ತಿದ್ದರೆ ಆ ಗಂಟೆಗಳ ಲೆಕ್ಕವನ್ನು ವಿಭಾಗ ಮುಖ್ಯಸ್ಥರ ಸಹಿ ಸಮೇತ ಇಟ್ಟುಕೊಳ್ಳಿ.

ಅಮ್ಮ ಹೇಳಿದ್ದರಲ್ಲಿ ತಿರುಳಿದೆ, ಸಮಯ ಮಾತ್ರ ಈಗಲ್ಲ. ಪಿಎಚ್‌ಡಿ ಜೊತೆಗೆ ರೆಗ್ಯುಲರ್ ಬಿಎಡ್ ಮಾಡಲಾಗುವುದಿಲ್ಲ. ಏಕಕಾಲಕ್ಕೆ ಎರಡು ಪದವಿ ಓದಲು 2022ರಲ್ಲಿ ಯುಜಿಸಿ ಕೊಟ್ಟ ಅವಕಾಶಕ್ಕೆ ಪಿಎಚ್‌ಡಿ ಸೇರಿಲ್ಲ. ಬಿಎಡ್ ಎರಡು ವರ್ಷ. ಈಗ ಅದಕ್ಕೆ ಹೋದರೆ ನಾಲ್ಕನೇ ವರ್ಷದ ಹೊಸ್ತಿಲಲ್ಲಿ ಪಿಎಚ್‌ಡಿ ನಿಲ್ಲುತ್ತದೆ, ಮತ್ತೆ ಎತ್ತಿಕೊಳ್ಳುವವರು ಕಡಿಮೆ. ಕೇರಳ ಪಿಎಸ್‌ಸಿಯಲ್ಲಿ ಹೈಯರ್ ಸೆಕೆಂಡರಿ ಅಧ್ಯಾಪಕ ಹುದ್ದೆಗೆ ಸಾಮಾನ್ಯ ವರ್ಗಕ್ಕೆ 40ರವರೆಗೆ ಅವಕಾಶ ಇರುವುದರಿಂದ, 31ಕ್ಕೆ ಪ್ರಬಂಧ ಸಲ್ಲಿಸಿ, ಪಿಎಚ್‌ಡಿ ಕೈಗೆ ಬಂದ ಮೇಲೆ ಬಿಎಡ್‌ಗೆ ಹೋದರೂ ಹೊತ್ತು ಮೀರುವುದಿಲ್ಲ. ಆ ಹುದ್ದೆಗೆ ನೆಟ್ ಅಥವಾ ಪಿಎಚ್‌ಡಿ ಇದ್ದವರಿಗೆ ಕೇರಳದ ಸೆಟ್‌ನಿಂದ ವಿನಾಯಿತಿ ಕೊಡುವ ರೂಢಿಯೂ ಇದೆ, ಅಧಿಸೂಚನೆಯ ಆ ಸಾಲನ್ನು ಓದಿಕೊಳ್ಳಿ.

ನಿಮ್ಮ ಲೆಕ್ಕ ನೋಡಿದರೆ ನಾನು ಬಿಡಿ ಎಂದು ಹೇಳುವುದಿಲ್ಲ. ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ನೀವು ಇನ್ನೂ ಮೂರನೇ ವರ್ಷದಲ್ಲಿದ್ದೀರಿ, ಮೂರನೆಯ ಮಳೆಗಾಲ ಸೇರಿಸಿಕೊಂಡರೂ ಸಲ್ಲಿಕೆ ನಾಲ್ಕರೊಳಗೆ ಮುಗಿಯುತ್ತದೆ. ಮಹಿಳೆಯರಿಗೆ ಹೆಚ್ಚುವರಿ ಎರಡು ವರ್ಷದ ಸಡಿಲಿಕೆ, 240 ದಿನದವರೆಗಿನ ಹೆರಿಗೆ ಮತ್ತು ಶಿಶುಪಾಲನಾ ರಜೆ ನಿಯಮದಲ್ಲೇ ಇದೆ. ಆದರೆ ಮೂರು ಸಂಗತಿ ಒಟ್ಟಿಗೆ ಬಂದರೆ ಮನಸ್ಸು ಬದಲಿಸಿ. ಸಲಹಾ ಸಮಿತಿ ಸಲ್ಲಿಕೆಯ ತಿಂಗಳನ್ನು ಬರೆದು ಕೊಡಲು ಒಪ್ಪದಿರುವುದು, ಮುಂದಿನ ಎರಡು ನೆಟ್ ಆಗದಿರುವುದು, ಮನೆಯಿಂದ ಒಂದು ವರ್ಷ ದೂಡುವಷ್ಟು ಆಸರೆ ಇಲ್ಲದಿರುವುದು. ಆಗಲೂ ಬಿಡುವುದಕ್ಕಿಂತ ಅಂಶಕಾಲಿಕಕ್ಕೆ ಬದಲಿಸುವುದು ಮೇಲು. ಕಾಯಂ ಕೆಲಸ ಎಂದು ಲಕ್ಷಗಟ್ಟಲೆ ಕೇಳುವ ಖಾಸಗಿ ಆಡಳಿತದ ಕಾಲೇಜಿನ ಮಾತು ಮನೆಯಲ್ಲಿ ಬಂದರೆ ತೋಟ ಅಡವಿಡಬೇಡಿ. ಆ ದುಡ್ಡಿಗೆ ರಶೀದಿ ಇರುವುದಿಲ್ಲ.

ಕೊನೆಗೆ ಕಾಗದಪತ್ರ, ಗಡಿನಾಡಿನವರಿಗೆ ಇದರ ತಾಪತ್ರಯ ಹೆಚ್ಚು. ನಿಮ್ಮ ಎಂಎಸ್ಸಿ ಪದವಿಪತ್ರದಲ್ಲಿ ವಿಷಯದ ಹೆಸರು ‘ಸಸ್ಯಶಾಸ್ತ್ರ’ ಎಂದಿದೆಯೇ, ‘ಅನ್ವಯಿಕ ಸಸ್ಯಶಾಸ್ತ್ರ’ ಎಂದಿದೆಯೇ ತೆಗೆದು ನೋಡಿ. ಎರಡನೆಯದಾದರೆ ಕೇರಳದ ವಿಶ್ವವಿದ್ಯಾನಿಲಯವೊಂದರಿಂದ ಸಮಾನತಾ ಪ್ರಮಾಣಪತ್ರ ಈಗಲೇ ಮಾಡಿಸಿ. ಪಿಎಸ್‌ಸಿ ಪರಿಶೀಲನೆಯ ದಿನ ಅದಕ್ಕೆ ಓಡಿದರೆ ಸಿಗುವುದಿಲ್ಲ. ಮೀಸಲಾತಿ ಇದ್ದರೆ ನಿಮ್ಮ ಸಮುದಾಯ ಕೇರಳ ರಾಜ್ಯದ ಪಟ್ಟಿಯಲ್ಲಿದೆಯೇ, ಕೇಂದ್ರ ಪಟ್ಟಿಯಲ್ಲಿ ಕೇರಳದ ಹೆಸರಿನ ಕೆಳಗಿದೆಯೇ ಎರಡನ್ನೂ ನೋಡಿ. ಕರ್ನಾಟಕದ ಪಟ್ಟಿಯಲ್ಲಿರುವುದು ನಿಮಗೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಇಲ್ಲಿಯ ಪ್ರಮಾಣಪತ್ರದಿಂದ ಅಲ್ಲಿಯ ರಾಜ್ಯ ಹುದ್ದೆಯಲ್ಲಿ ಮೀಸಲಾತಿಯೂ ಸಿಗುವುದಿಲ್ಲ, ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕಬೇಕಾಗುತ್ತದೆ. ಹಿಂದುಳಿದ ವರ್ಗದ ಕೆನೆಪದರೇತರ ಪ್ರಮಾಣಪತ್ರಕ್ಕೆ ಆರ್ಥಿಕ ವರ್ಷದ ಲೆಕ್ಕ ನೋಡುತ್ತಾರೆ. ನೆಟ್ ಅರ್ಜಿ ತುಂಬುವ ಮೊದಲು ವಿಲೇಜ್ ಆಫೀಸಿನಲ್ಲಿ ತಾರೀಕು ಸರಿಯಾಗಿದೆಯೇ ಕೇಳಿಕೊಳ್ಳಿ.